ಅಪ್‌ಡೇಟ್: ಕಡಲ ಪರಿಸರ ಲ್ಯಾಬ್‌ಗೆ ಪಿಎಚ್‌ಡಿ ಅರ್ಜಿ, ಪ್ರೊಫೆಸರ್ ಉತ್ತರ ಬಂತು

ಪಿಎಚ್‌ಡಿಗಾಗಿ ಪ್ರೊಫೆಸರ್‌ಗೆ ಮೊದಲ ಮೇಲ್ ಹೇಗೆ ಬರೆಯುವುದು ಅಂತ ಹಿಂದೆ ಇಲ್ಲಿ ಕೇಳಿದ್ದೆನಲ್ಲ, ಕೊನೆಗೂ ವಿಡಿಯೋ ಕಾಲ್‌ಗೆ ಕರೆದರು. ಕೆಲಸಕ್ಕೆ ಬಂದಿದ್ದು 'ಅವರ ಪೇಪರ್ ಓದಿ ಒಂದೇ ಒಂದು ಪ್ರಶ್ನೆ ಕೇಳು' ಅನ್ನುವ ಸಲಹೆ. ಕಡಲ ಹುಲ್ಲಿನ ಬಗ್ಗೆ ಅವರ ಪೇಪರ್ ಇತ್ತು. ನೀರು ಕಲಕಿ ಬೆಳಕು ಕಡಿಮೆಯಾದರೆ, ಎಲೆ ಮೇಲಿನ ಪಾಚಿ ತಿನ್ನುವ ಬಸವನಹುಳುಗಳ ಗತಿ ಏನು ಅಂತ ಕೇಳಿದೆ. ಮಾತು ಅಲ್ಲಿಂದಲೇ ಶುರುವಾಯಿತು.

ಉದ್ದದ ಸಿವಿ ಸುಮ್ನೆ ದಂಡ, ತೆರೆದೇ ಇರಲಿಲ್ಲವಂತೆ!

ಆಶ್ಚರ್ಯ ಅಂದರೆ ಡೈವಿಂಗ್ ಬಗ್ಗೆ ಒಂದು ಮಾತೂ ಬರಲಿಲ್ಲ. ಕ್ವಾಡ್ರಾಟ್ (ಜೀವಿಗಳನ್ನು ಎಣಿಸಲು ತಳದ ಮೇಲಿಡುವ ಚೌಕಟ್ಟು) ಎಣಿಕೆಯಲ್ಲಿ ಸೊನ್ನೆಗಳೇ ಜಾಸ್ತಿ ಇದ್ದರೆ ಯಾವ ಸಂಖ್ಯಾಶಾಸ್ತ್ರದ ಮಾಡೆಲ್ ಹಾಕುತ್ತೀರಿ ಅಂತ ಕೇಳಿದರು. ಇಂಥ ಲೆಕ್ಕಕ್ಕೆ ಬಳಸುವ 'ಆರ್' (R) ಪ್ರೋಗ್ರಾಮಿಂಗ್ ಭಾಷೆ ಕಲಿಯಿರಿ ಅಂದವರಿಗೆ ಥ್ಯಾಂಕ್ಸ್.

ಫಂಡಿಂಗ್ ಎಷ್ಟು ವರ್ಷ, ದೋಣಿ ಯಾವಾಗ ಸಿಗುತ್ತದೆ ಅನ್ನುವುದೆಲ್ಲ ಲ್ಯಾಬ್‌ನ ಈಗಿನ ವಿದ್ಯಾರ್ಥಿಗಳೇ ಹೇಳಿದರು. ಅರ್ಜಿ ಹಾಕಿದ್ದೇನೆ.