ಕಿಗಾಲಿ ಬಿಟ್ಟು ಮುಸಾಂಜೆಗೆ ಹೋಗೋದಾ? ಮಗಳ ಶಾಲೆ, ವಿಳಾಸ, ಪ್ರಾಂತ್ಯದ ಗೊಂದಲ

ಶಿವಮೊಗ್ಗದ ಅಮ್ಮ
ಎಲ್ಲರಿಗೂ ನಮಸ್ಕಾರ. ನಾವು ರುವಾಂಡಾಕ್ಕೆ ಬಂದು ಇನ್ನೂ ವರ್ಷ ತುಂಬಿಲ್ಲ, ಕಿಗಾಲಿಯಲ್ಲಿ ಕಿಮಿರೊಂಕೊ ಮಾರ್ಕೆಟ್ ಹತ್ರ ಇದೀವಿ. ಈಗ ಯಜಮಾನರಿಗೆ ಆಫೀಸಿನವರು ಉತ್ತರ ಪ್ರಾಂತ್ಯದ ಮುಸಾಂಜೆಗೆ ಹೋಗಿ ಅಂತಿದಾರೆ. ಸೆಪ್ಟೆಂಬರ್‌ನಲ್ಲಿ ಶಾಲೆ ಶುರು, ಅಷ್ಟರೊಳಗೆ ತೀರ್ಮಾನ ಆಗ್ಬೇಕು. ಮಗಳಿಗೆ ಎಂಟು ವರ್ಷ. ಅಲ್ಲಿ ಶಾಲೆ, ಆಸ್ಪತ್ರೆ ಹೇಗೆ? ಇನ್ನೊಂದು, ಶಾಲೆ ಫಾರ್ಮ್‌ನಲ್ಲಿ ಪ್ರಾಂತ್ಯ, ಜಿಲ್ಲೆ, ಸೆಕ್ಟರ್, ಸೆಲ್, ವಿಲೇಜ್ ಅಂತ ಐದು ಖಾನೆ ಇದೆ. ನೋಡಿಟ್ಟಿರೋ ಮನೆ ಓನರ್ ಕಳಿಸಿದ ಹಳೇ ಕಾಗದದಲ್ಲಿ ರುಹೆಂಗೇರಿ ಅಂತಿದೆ, ಮುಸಾಂಜೆ ಅನ್ನೋ ಹೆಸರೇ ಇಲ್ಲ. ಎರಡೂ ಒಂದೇ ಊರಾ?

ಕೊನೇದು ಪ್ರಶ್ನೆ ಅಲ್ಲ, ಮನಸ್ಸಲ್ಲಿ ಕೊರೀತಿರೋದು. ಮಗಳು ಇಲ್ಲಿನ 30 ಜಿಲ್ಲೆ ಹೆಸರು ಪಟಪಟ ಅಂತ ಹೇಳ್ತಾಳೆ, ಬುರೇರಾ, ಗಕೆಂಕೆ, ಗಿಚುಂಬಿ ಅಂತ. ಮೊನ್ನೆ ಅಜ್ಜಿ ಫೋನಲ್ಲಿ ನಮ್ಮದು ಯಾವ ಜಿಲ್ಲೆ ಹೇಳು ಪುಟ್ಟಿ ಅಂದ್ರೆ, ಶಿವಮೊಗ್ಗ ಅನ್ನೋ ಬದಲು ಕಿಗಾಲಿಯಲ್ಲಿ ನಾವಿರೋ ಜಿಲ್ಲೆ ಗಾಸಾಬೊ ಅಂದ್ಬಿಟ್ಲು. ಅತ್ತೆ ಆಮೇಲೆ ಮಾತೇ ಆಡ್ಲಿಲ್ಲ. ಅವತ್ತಿಂದ ನಿದ್ದೆ ಸರಿಯಾಗಿ ಬರ್ತಿಲ್ಲ.

ಕುಡ್ಲದವ
ಎರಡೂ ಒಂದೇ ಮಾರಾಯ್ರೆ, ಹೆದರ್ಬೇಡಿ. 2006ರ ಜನವರಿಯಲ್ಲಿ ಎಲ್ಲ ಬದಲಾದದ್ದು. ಮೊದಲು 12 ಪ್ರಾಂತ್ಯ ಇತ್ತು, ಈಗ ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಅಂತ ನಾಲ್ಕು, ಮತ್ತೆ ಕಿಗಾಲಿ ನಗರ ಬೇರೆ. ಜಿಲ್ಲೆ 106 ಇದ್ದದ್ದು 30 ಆಯ್ತು. ಆಗಲೇ ಊರ ಹೆಸರುಗಳೂ ಹೋದವು. ರುಹೆಂಗೇರಿ ಈಗ ಮುಸಾಂಜೆ, ಬುಟಾರೆ ಈಗ ಹುಯೆ, ಗಿಸೆನ್ಯಿ ಈಗ ರುಬಾವು, ಕಿಬುಯೆ ಈಗ ಕರೊಂಗಿ, ಗಿಟಾರಾಮಾ ಈಗ ಮುಹಾಂಗಾ. ವಯಸ್ಸಾದವರು ಈಗಲೂ ಹಳೇ ಹೆಸರೇ ಹೇಳುದು, ಮುಸಾಂಜೆಯ ದೊಡ್ಡಾಸ್ಪತ್ರೆಗೆ ಇವತ್ತಿಗೂ ರುಹೆಂಗೇರಿ ಆಸ್ಪತ್ರೆ ಅಂತಲೇ ಹೆಸರುಂಟು. ಫಾರ್ಮ್‌ನಲ್ಲಿ ಮಾತ್ರ ಹೊಸ ಹೆಸರೇ ಬರೀರಿ.

ಬೆಳಗಾವಿ ಗೌಡ್ರು
ಅಕ್ಕಾರ, ಇಡೀ ರುವಾಂಡಾ 26,338 ಚದರ ಕಿಲೋಮೀಟರ್ ಐತಿ. ನಮ್ಮ ಬೆಳಗಾವಿ ಜಿಲ್ಲಾದಂಥವು ಎರಡು ಕೂಡಿಸಿದ್ರ ಮುಗೀತು, ಅದ್ರಾಗ 30 ಜಿಲ್ಲಾ. ನಮ್ಮ ರಾಜ್ಯ ಅಷ್ಟು ದೊಡ್ಡದಿದ್ರೂ 31. ಮುಸಾಂಜೆ ಅಂದ್ರ ಬ್ಯಾರೆ ದೇಶಕ್ಕ ಹೊಂಟೀವಿ ಅನ್ನೂಹಂಗ ಚಿಂತಿ ಮಾಡಬ್ಯಾಡ್ರಿ, ಕಿಗಾಲಿಯಿಂದ ಎರಡು ತಾಸು ಅಷ್ಟ. ರಸ್ತಾ ಭಾಳ ಚಲೋ ಐತಿ, ಗುಡ್ಡದ ತಿರುವು ಜಾಸ್ತಿ, ಕೂಸಿಗೆ ವಾಂತಿ ಬರೂದಿದ್ರ ಲಿಂಬಿಹಣ್ಣು ಇಟ್ಕೋರಿ.

ಹಿರಿಯ ಮಂಡ್ಯ
ಎಲ್ಲರೂ ಹೆಸರು, ಕಿಲೋಮೀಟರ್ ಮಾತಾಡ್ತಿದೀರ, ಮುಖ್ಯವಾದ್ದು ಯಾರೂ ಹೇಳ್ತಿಲ್ಲ. ಎಂಟು ವರ್ಷದ ಮಗು ತನ್ನ ಜಿಲ್ಲೆ ಗಾಸಾಬೊ ಅಂದ್ರೆ ಅದು ಎಚ್ಚರಿಕೆ ಗಂಟೆ ಕಣಮ್ಮ. ನಾನು ಪೂರ್ವ ಆಫ್ರಿಕಾದಲ್ಲಿ ಅರ್ಧ ಆಯಸ್ಸು ಕಳೆದೋನು, ಕಂಪಾಲಾದಲ್ಲಿ, ದಾರ್ ಎಸ್ ಸಲಾಮ್‌ನಲ್ಲಿ, ಈಗ ಇಲ್ಲಿ, ಎಷ್ಟು ಮನೆ ನೋಡಿದೀನಿ. ಹತ್ತು ವರ್ಷದೊಳಗೆ ಕನ್ನಡ ಕೂರಲಿಲ್ಲ ಅಂದ್ರೆ ಆಮೇಲೆ ಕೂರೋದಿಲ್ಲ. ಯಜಮಾನ್ರು ಮುಸಾಂಜೆಗೆ ಒಬ್ರೇ ಹೋಗ್ಲಿ, ನೀವು ಮಗುನ ಕರ್ಕೊಂಡು ಊರಿಗೆ ಹೋಗಿ. ಅಜ್ಜಿ ಹತ್ರ ನಾಲ್ಕು ವರ್ಷ ಓದ್ಲಿ. ಕಿಗಾಲಿಯಲ್ಲಾದ್ರೂ ಯುಗಾದಿಗೆ, ರಾಜ್ಯೋತ್ಸವಕ್ಕೆ ನಾಲ್ಕು ಮನೆ ಸೇರ್ತೀವಿ, ಮುಸಾಂಜೆಯಲ್ಲಿ ಯಾರಿದಾರೆ? ನನ್ನ ಮಾತು ಕಹಿ ಅನ್ಸುತ್ತೆ, ಆದ್ರೆ ಬರೆದಿಟ್ಕೊಳ್ಳಿ.

ತುಮಕೂರು ಟೀಚರ್
ಸರ್, ಕ್ಷಮಿಸಿ, ಒಪ್ಪಲ್ಲ. ಮಗು ತಾನು ಇರೋ ಜಾಗದ ಹೆಸರು ಹೇಳಿದ್ದು ತಪ್ಪಾ? ಅವಳು ಇರೋದು ಗಾಸಾಬೊದಲ್ಲೇ ತಾನೇ? ಅಪ್ಪನ್ನ ಒಂದು ದೇಶದಲ್ಲಿ, ಮಗಳನ್ನ ಇನ್ನೊಂದು ದೇಶದಲ್ಲಿ ಇಟ್ಟು ಕನ್ನಡ ಉಳಿಸೋದು ಯಾವ ಲೆಕ್ಕ?

ಹಿರಿಯ ಮಂಡ್ಯ
ಮಕ್ಕಳು ದೊಡ್ಡವರಾದ ಮೇಲೆ ಮಾತಾಡೋಣಮ್ಮ.

ದಾವಣಗೆರೆ ಬೆಣ್ಣೆ
ಹಿರಿಯರ ಮಾತಲ್ಲಿ ಸತ್ಯ ಇದೆ. ನನ್ನ ಮಗ ಈಗ ಕೆನಡಾದಲ್ಲಿದಾನೆ, ನಾನು ಕನ್ನಡದಲ್ಲಿ ಕೇಳಿದ್ರೆ ಇಂಗ್ಲಿಷಲ್ಲಿ ಉತ್ತರ ಕೊಡ್ತಾನೆ. ಅವನು ಚಿಕ್ಕೋನಿದ್ದಾಗ ನಾವಿಬ್ರೂ ಅಂಗಡಿ ನೋಡ್ಕೋತಿದ್ವಿ, ಮನೇಲಿ ಅವನ ಜೊತೆ ಮಾತಾಡೋಕೆ ಇದ್ದಿದ್ದು ಕಿನ್ಯಾರ್ವಾಂಡಾ ಮಾತಾಡೋ ಆಯಾ ಮಾತ್ರ. ಆಯಮ್ಮ ತುಂಬಾ ಒಳ್ಳೇವಳು, ಅವಳ ಮೇಲೆ ಒಂದು ಮಾತಿಲ್ಲ. ಆದ್ರೆ ಅವನು ಮೊದಲ ಸಲ ಅಮ್ಮ ಅಂದಿದ್ದು ಮಾಮಾ ಅಂತ, ಅವಳಿಗೆ. ಈಗ್ಲೂ ಆ ಸಂಕಟ ಹೋಗಿಲ್ಲ.

ಕುಡ್ಲದವ
ಅವರು ಕೇಳಿದ್ದು ಮುಸಾಂಜೆ ಶಾಲೆ ಬಗ್ಗೆ ಅಲ್ವಾ?

ಕಾಫಿತೋಟ, ಹುಯೆ
ನಾನು ದಕ್ಷಿಣ ಪ್ರಾಂತ್ಯದಲ್ಲಿ, ಹುಯೆಯಲ್ಲಿದೀನಿ. ಮಗಳು ಕನ್ನಡ, ಇಂಗ್ಲಿಷ್, ಕಿನ್ಯಾರ್ವಾಂಡಾ ಮೂರೂ ಮಾತಾಡ್ತಾಳೆ, ಅಲ್ಪಸ್ವಲ್ಪ ಫ್ರೆಂಚೂ ಬರುತ್ತೆ. ಊರಿಗೆ ಹೋದಾಗ ಚಿಕ್ಕಮಗಳೂರಿನ ತೋಟದಲ್ಲಿ ಆಳುಗಳ ಜೊತೆ ಕೂತು ಹರಟೆ ಹೊಡೀತಾಳೆ, ನನಗೆ ಅದೇ ಹೆಮ್ಮೆ. ನಾವು ಮಾಡಿದ್ದು ಒಂದೇ, ಊಟದ ಹೊತ್ತಲ್ಲಿ ಕನ್ನಡ ಬಿಟ್ಟು ಬೇರೆ ಮಾತಿಲ್ಲ. ನೀವು ಹುಯೆಗೇ ಬನ್ನಿ, 1963ರಿಂದ ಯೂನಿವರ್ಸಿಟಿ ಇರೋ ಊರು, ಓದೋ ವಾತಾವರಣ ಬೇರೇನೇ.

ತುಮಕೂರು ಟೀಚರ್
ಅವರಿಗೆ ಟ್ರಾನ್ಸ್‌ಫರ್ ಆಗಿರೋದು ಮುಸಾಂಜೆಗೆ.

ನಾನು ಇಲ್ಲಿ ಶಾಲೇಲಿ ಪಾಠ ಮಾಡೋಳು, ಒಂದು ಮಾತು ಹೇಳ್ಲೇಬೇಕು. ಪ್ರಾಂತ್ಯ, ಜಿಲ್ಲೆ ಈ ದೇಶದ ಮಕ್ಕಳಿಗೆ ಬರೀ ಭೂಗೋಳದ ಪಾಠ ಅಲ್ಲ. 1994ಕ್ಕೆ ಮುಂಚೆ ಇಲ್ಲಿ ನೀನು ಉತ್ತರದವನಾ ದಕ್ಷಿಣದವನಾ, ಯಾವ ಜನಾಂಗ ಅಂತ ನೋಡಿ ಶಾಲೆ ಸೀಟು, ಸರ್ಕಾರಿ ಕೆಲಸಕ್ಕೆ ಕೋಟಾ ಇತ್ತು, ಗುರುತಿನ ಚೀಟಿಯಲ್ಲೇ ಜನಾಂಗ ಬರೀತಿದ್ರು. 1994ರಲ್ಲಿ ಟುಟ್ಸಿ ಜನಾಂಗದವರ ನರಮೇಧ ನಡೆದಾಗ ಅದೇ ಚೀಟಿ ನೋಡಿ ರಸ್ತೆ ತಡೆಗಳಲ್ಲಿ ಜನರನ್ನ ಕೊಂದ್ರು. ಹಳೇ ಪ್ರಾಂತ್ಯಗಳನ್ನ ಅಳಿಸಿ, ಬೇರೆ ಬೇರೆ ಕಡೆ ಜನ ಒಂದೇ ಆಡಳಿತದಲ್ಲಿ ಬೆರೆಯೋ ಹಾಗೆ ದಿಕ್ಕಿನ ಹೆಸರಿಟ್ಟಿದ್ದರ ಹಿಂದೆ ಆ ನೋವೂ ಇದೆ. ನಮ್ಮೋರು ಪರಿಚಯ ಆದ ಐದು ನಿಮಿಷಕ್ಕೆ ಯಾವ ಊರು, ಯಾವ ಪೈಕಿ ಅಂತ ಕೇಳ್ತೀವಲ್ಲ, ಇಲ್ಲಿನ ಅಕ್ಕಪಕ್ಕದವರನ್ನ ಹಾಗೆ ದಯವಿಟ್ಟು ಕೇಳ್ಬೇಡಿ, ಮಕ್ಕಳಿಗೂ ಹೇಳಿಕೊಡಿ. ಏಪ್ರಿಲ್ 7ರಿಂದ ಶುರುವಾಗೋ, ಆ ನರಮೇಧದಲ್ಲಿ ಸತ್ತವರ ಸ್ಮರಣೆ ವಾರದಲ್ಲಂತೂ ಮನೇಲಿ ಜೋರಾಗಿ ಹಾಡು, ಬರ್ತ್‌ಡೇ ಪಾರ್ಟಿ ಬೇಡ.

ಹಿರಿಯ ಮಂಡ್ಯ
ಅದೆಲ್ಲ ಸರಿ, ಇತಿಹಾಸ ನನಗೂ ಗೊತ್ತು, ಗೌರವ ಇದೆ. ಆದ್ರೆ ನಮ್ಮ ಮಗುಗೆ ನಮ್ಮ ಇತಿಹಾಸ ಹೇಳೋರು ಯಾರು? ಕನ್ನಂಬಾಡಿ ಕಟ್ಟೆ ಯಾರು ಕಟ್ಟಿದ್ರು ಅಂತ ಕೇಳಿ ನೋಡಿ.

ಬೆಳಗಾವಿ ಗೌಡ್ರು
ಹಿರಿಯಾರ, ನಮ್ಮ ಕಡೆ ಹುಡುಗರಿಗೆ ಕನ್ನಂಬಾಡಿ ಅಲ್ರಿ, ಕಿತ್ತೂರು ಚನ್ನಮ್ಮ ಮೊದಲ ಗೊತ್ತಿರಬೇಕು.

ದಾವಣಗೆರೆ ಬೆಣ್ಣೆ
ಎರಡೂ ಬೇಕು. ನನ್ನ ಮಗನಿಗೆ ಎರಡೂ ಗೊತ್ತಿಲ್ಲ.

ಮುಸಾಂಜೆ ಮಳೆ
ಈಗಷ್ಟೇ ನೋಡಿದೆ. ನಾನು ಮುಸಾಂಜೆಯಲ್ಲೇ ಇರೋದು, ಹಾಸನದವಳು. ಶಾಲೆ: ಸರ್ಕಾರಿ ಶಾಲೆಯಲ್ಲೂ 2019ರ ತೀರ್ಮಾನದಿಂದ ಒಂದನೇ ಕ್ಲಾಸಿಂದ ಇಂಗ್ಲಿಷ್ ಮಾಧ್ಯಮ. ಖಾಸಗಿ ಇಂಗ್ಲಿಷ್ ಶಾಲೆಗಳೂ ಇವೆ, ಪ್ರೈಮರಿಗೆ ಸಾಕು. ಆದ್ರೆ ಇಂಟರ್‌ನ್ಯಾಷನಲ್ ಸಿಲಬಸ್ ಬೇಕಂದ್ರೆ ಆಯ್ಕೆ ಹೆಚ್ಚಿರೋದು ಕಿಗಾಲಿಯಲ್ಲಿ, ಆರನೇ ಕ್ಲಾಸ್ ಆದ್ಮೇಲೆ ಅದನ್ನ ಯೋಚಿಸ್ಬೇಕಾಗುತ್ತೆ. ಆಸ್ಪತ್ರೆ: ಜ್ವರ, ಗಾಯಕ್ಕೆ ಇಲ್ಲೇ ಆಗುತ್ತೆ, ಸ್ಪೆಷಲಿಸ್ಟ್ ಬೇಕಂದ್ರೆ ಕಿಗಾಲಿ. ಊರು 1,800 ಮೀಟರ್‌ಗಿಂತ ಎತ್ತರದಲ್ಲಿದೆ, ಹಾಗಾಗಿ ಪೂರ್ವ ಪ್ರಾಂತ್ಯದಷ್ಟು ಮಲೇರಿಯಾ ಕಾಟ ಇಲ್ಲ, ಆದ್ರೂ ಸೊಳ್ಳೆ ಪರದೆ ಬಿಡ್ಬೇಡಿ. ಸ್ವೆಟರ್ ತನ್ನಿ, ಮಾರ್ಚಿಂದ ಮೇ ತನಕ ಬಟ್ಟೆ ಒಣಗಲ್ಲ. ಆಲೂಗಡ್ಡೆ, ಬೀನ್ಸ್, ಕೋಸು ಧಾರಾಳ. ಬೇಳೆ, ಹುಣಸೆಹಣ್ಣು ಕಿಗಾಲಿಯಿಂದ ತರ್ಬೇಕು.

ವಿಳಾಸ: ಪೇಟೆ ಒಳಗಾದ್ರೆ ಉತ್ತರ ಪ್ರಾಂತ್ಯ, ಮುಸಾಂಜೆ ಜಿಲ್ಲೆ, ಮುಹೋಜಾ ಸೆಕ್ಟರ್, ಆಮೇಲೆ ಸೆಲ್, ವಿಲೇಜ್. ಮುಸಾಂಜೆ ಅನ್ನೋ ಹೆಸರಿನ ಸೆಕ್ಟರ್ ಬೇರೆ ಇದೆ, ಜಿಲ್ಲೆ ಹೆಸರನ್ನೇ ಆ ಖಾನೆಗೂ ಬರೆದ್ರೆ ಎಡವಟ್ಟಾಗುತ್ತೆ. ಸೆಲ್‌ಗೆ ಅಕಗಾರಿ, ವಿಲೇಜ್‌ಗೆ ಉಮುದುಗುದು ಅಂತಾರೆ, ಪೇಟೆ ಮಧ್ಯ ಇದ್ರೂ ಉಮುದುಗುದು ಇರುತ್ತೆ. ಮನೆ ಓನರ್‌ನ ಕೇಳಿ, ಎಲ್ಲರಿಗೂ ಬಾಯಲ್ಲೇ ಇರುತ್ತೆ. ದಿನದ ಕಾಗದಪತ್ರ ಹೆಚ್ಚಾಗಿ ಸೆಕ್ಟರ್ ಆಫೀಸಲ್ಲೇ ಮುಗಿಯುತ್ತೆ. ಪ್ರಾಂತ್ಯದ ಆಫೀಸ್ ಇರೋದು ಗಿಚುಂಬಿಯಲ್ಲಿ, ಮುಸಾಂಜೆ ದೊಡ್ಡ ಪೇಟೆ ಅಂತ ಇಲ್ಲಿ ಹುಡುಕ್ಬೇಡಿ.

ಹಿರಿಯ ಮಂಡ್ಯ
ಆರನೇ ಕ್ಲಾಸ್ ಆದ್ಮೇಲೆ ಕಿಗಾಲಿ ಅಂತ ಇವರೇ ಹೇಳ್ತಿದಾರೆ. ಹಾಗಾದ್ರೆ ಈಗ್ಲೇ ಊರಿಗೆ ಕಳಿಸೋಕೆ ಏನು ಕಷ್ಟ?

ಕಾಫಿತೋಟ, ಹುಯೆ
ಸರ್, ಅಜ್ಜಿಗೂ ವಯಸ್ಸಾಗಿರುತ್ತೆ. ಊರಲ್ಲೂ ಈಗ ಇಂಗ್ಲಿಷ್ ಮೀಡಿಯಂ ಶಾಲೆಗೇ ಹಾಕ್ತಾರೆ. ಕನ್ನಡ ಕಲಿಸೋರು ಅಪ್ಪ ಅಮ್ಮನೇ, ಶಾಲೆ ಎಲ್ಲಿದ್ರೂ.

ಹಿರಿಯ ಮಂಡ್ಯ
ನಾಲ್ಕು ಮನೆಗಳಲ್ಲಿ ನಾನೇ ನೋಡಿದ್ದನ್ನ ಹೇಳ್ತಿದೀನಿ. ಆಮೇಲೆ ನಿಮ್ಮಿಷ್ಟ.

ಶಿವಮೊಗ್ಗದ ಅಮ್ಮ
ಎಲ್ಲರಿಗೂ ಧನ್ಯವಾದ. ಹಿರಿಯರ ಮಾತು ಓದಿ ಅತ್ತುಬಿಟ್ಟೆ, ಯಜಮಾನ್ರಿಗೂ ತೋರಿಸ್ದೆ. ಆದ್ರೆ ಅವರನ್ನ ಒಬ್ರನ್ನೇ ಬಿಟ್ಟು ಹೋಗೋಕೆ ನನ್ನ ಕೈಲಿ ಆಗಲ್ಲ, ಮಗಳಿಗೆ ಅಪ್ಪ ಬೇಕು. ಮುಸಾಂಜೆ ಅಕ್ಕ, ಈ ಶನಿವಾರ ಬಂದು ಮನೆ, ಶಾಲೆ ನೋಡ್ಬಹುದಾ?

ಮುಸಾಂಜೆ ಮಳೆ
ಈ ಶನಿವಾರ ತಿಂಗಳ ಕೊನೇದು, ಉಮುಗಾಂಡಾ. ಬೆಳಗ್ಗೆ ಎಂಟರಿಂದ ಹನ್ನೊಂದರ ತನಕ ಎಲ್ಲರೂ ರಸ್ತೆ, ಚರಂಡಿ ಕೆಲಸಕ್ಕೆ ಹೋಗಿರ್ತಾರೆ, ಅಂಗಡಿ ಮುಚ್ಚಿರುತ್ತೆ, ಬಸ್ಸೂ ಸಿಗಲ್ಲ. ಶಾಲೆ ನೋಡೋದಿದ್ರೆ ಶುಕ್ರವಾರ ಬೆಳಗ್ಗೆನೇ ಕಿಗಾಲಿಯ ನ್ಯಾಬುಗೊಗೊ ಬಸ್ ಸ್ಟ್ಯಾಂಡಿಂದ ಬಸ್ ಹತ್ತಿ, ಮಧ್ಯಾಹ್ನ ಊಟ ನಮ್ಮನೇಲಿ, ಸೊಪ್ಪಿನ ಸಾರು ಮುದ್ದೆ ಮಾಡ್ತೀನಿ. ಮಗಳನ್ನೂ ಕರ್ಕೊಂಡ್ಬನ್ನಿ, ನನ್ನ ಮಗನಿಗೂ ಒಂಬತ್ತು.