ಮಗಳ ಕೂದಲು ಗುಂಡಗೆ ಉದುರುತ್ತಿದೆ, ನೀವು ಏನು ಮಾಡಿದಿರಿ?

ಕುವೆಂಪುನಗರದ ತಾಯಿ: ಮಗಳಿಗೆ 7 ವರ್ಷ. ಅಲೋಪೇಸಿಯಾ ಏರಿಯೇಟಾ ಅಂದಿದ್ದಾರೆ, ಅಂದರೆ ಮೈಯೇ ಕೂದಲ ಬುಡದ ಮೇಲೆ ದಾಳಿ ಮಾಡಿ ಗುಂಡಗುಂಡಗೆ ಉದುರಿಸುವ ಕಾಯಿಲೆ. ಮೊದಲು ನಾಣ್ಯದಗಲ ಇತ್ತು, ಈಗ ಹಿಂದಲೆ ತುಂಬಾ ಹರಡಿದೆ. ಮುಲಾಮು ಹಚ್ಚುತ್ತಿದ್ದೇವೆ. ಇಂಜೆಕ್ಷನ್ ಕೊಡಿಸಬೇಕಾ, ಕಾಯಬೇಕಾ? ಶಾಲೆಗೆ ಹೇಗೆ ಕಳಿಸಿದಿರಿ?

ಮದ್ದೂರಿನ ಅಪ್ಪ: ನನ್ನ ಮಗನಿಗೆ ಮೊದಲು ಫಂಗಸ್ ಅಂತ ಮಾತ್ರೆ ನುಂಗಿಸಿದರು. ಹೊಟ್ಟಿಲ್ಲ, ಕೆರೆತವಿಲ್ಲ, ಚರ್ಮ ನುಣ್ಣಗಿದೆ, ಉಗುರಲ್ಲಿ ಸೂಜಿ ಚುಚ್ಚಿದಂಥ ಗುಳಿ ಇದೆ. ಆದರೂ ಫಂಗಸ್ ಅಂತೆ! ಚರ್ಮ ಕೆರೆದು ಫಂಗಸ್ ಇದೆಯಾ ಅಂತ ನೋಡುವ ಕೆಓಎಚ್ ಪರೀಕ್ಷೆ ಮಾಡಲೇ ಇಲ್ಲ. ಆಮೇಲೆ ಮೈಸೂರಿಗೆ ಹೋದೆವು. ಸ್ಟಿರಾಯ್ಡ್ ಇಂಜೆಕ್ಷನ್ ಸಲಕ್ಕೆ 1,200, ಫೀಸು 500, ಥೈರಾಯ್ಡ್, ವಿಟಮಿನ್ ಡಿ ಸೇರಿ ರಕ್ತ ಪರೀಕ್ಷೆಗೆ 2,300. ಬಸ್ಸು, ಊಟ, ನನ್ನ ಒಂದು ದಿನದ ಕೆಲಸ ಬೇರೆ. ನಾಲ್ಕರಿಂದ ಆರು ವಾರಕ್ಕೊಮ್ಮೆ ಹೋಗಲೇಬೇಕು. ಮರಗಟ್ಟಿಸುವ ಕ್ರೀಮ್ ಹಚ್ಚಿದರೂ ಚೀರುತ್ತಿದ್ದ. ಕೂದಲು ಬಂತು, ಮೊದಲು ಬಿಳಿ, ಆಮೇಲೆ ಕಪ್ಪು. ಅಷ್ಟರಲ್ಲಿ ಕಿವಿ ಮೇಲೆ ಹೊಸದಾಗಿ ಉದುರಿತು. ಆದರೂ ಕೊಡಿಸಿದ್ದೇ ಸರಿ. ಸುಮ್ನೆ ಕೂರುವುದು ನನ್ನಿಂದಾಗದು.

ಮಂಡ್ಯದ ಚಿಕ್ಕಮ್ಮ: ಇಷ್ಟೊಂದು ದುಡ್ಡು ಯಾಕೆ? ಅಕ್ಕನ ಮಗಳಿಗೆ ಈರುಳ್ಳಿ ರಸ ತಿಕ್ಕಿದೆವು, ಆರು ತಿಂಗಳಲ್ಲಿ ತುಂಬಿಕೊಂಡಿತು.

ಮದ್ದೂರಿನ ಅಪ್ಪ: ಸಣ್ಣದಿದ್ದರೆ ಎಷ್ಟೋ ಮಕ್ಕಳಿಗೆ ವರ್ಷದೊಳಗೆ ತಾನಾಗೇ ಬರುತ್ತದೆ ಮೇಡಂ. ನಮ್ಮತ್ತೆ ಈರುಳ್ಳಿ ರಸ ತಿಕ್ಕಿ ಹುಡುಗನ ತಲೆಯೆಲ್ಲ ಬೊಬ್ಬೆ ಎದ್ದಿತ್ತು. ದಯವಿಟ್ಟು ಮಕ್ಕಳ ಮೇಲೆ ಹೇಳಬೇಡಿ.

ಶ್ರೀರಂಗಪಟ್ಟಣದ ತಾಯಿ: ನನ್ನ ಮಗಳಿಗೆ ಹುಬ್ಬು, ರೆಪ್ಪೆ ಕೂಡ ಹೋಯಿತು. ಇಂಜೆಕ್ಷನ್, ಕೂದಲು ಬೆಳೆಯಲು ಕೊಡುವ ಮಿನಾಕ್ಸಿಡಿಲ್ ಎಲ್ಲ ಆಯಿತು. ಸಿಂಥೆಟಿಕ್ ವಿಗ್ 3,500, ನಿಜ ಕೂದಲಿನದು 18,000, ಅದನ್ನು ಅಂಟಿಸುವ ಟೇಪಿನ ಖರ್ಚು ತಿಂಗಳು ತಿಂಗಳು. ಏಪ್ರಿಲ್ ಬಿಸಿಲಿಗೆ ಒಳಗೆ ಬೆವರುಸಾಲೆ. ಒಂದು ದಿನ ಅವಳೇ ಕಿತ್ತಿಟ್ಟಳು. ಚಿಕಿತ್ಸೆ ನಿಲ್ಲಿಸಿದೆವು, ನಾನು ಹೆಮ್ಮೆಯಿಂದಲೇ ಹೇಳುತ್ತೇನೆ. ರೆಪ್ಪೆ ಇಲ್ಲದೆ ಕಣ್ಣಿಗೆ ಧೂಳು ಬೀಳುತ್ತದೆ, ಕನ್ನಡಕ ಹಾಕಿಸಿ. ಟೋಪಿ ಬೇಕೇ ಬೇಕು. ಬಸ್ಸಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ, "ನಂಜನಗೂಡಿಗೆ ಮುಡಿ ಕೊಟ್ರಾ?" ಈಗ ಅವಳೇ ಹೇಳುತ್ತಾಳೆ, "ಇಲ್ಲ ಆಂಟಿ, ನನ್ನ ಮೈಯೇ ಕೂದಲ ಬುಡದ ಮೇಲೆ ಜಗಳಕ್ಕೆ ಹೋಗುತ್ತೆ, ಅಂಟಲ್ಲ."

ಮದ್ದೂರಿನ ಅಪ್ಪ: ನಿಲ್ಲಿಸಿದ್ದಕ್ಕೆ ಹೆಮ್ಮೆಯಾ? ಅಮೆರಿಕದಲ್ಲಿ 2023ರಲ್ಲಿ ಇದೇ ಕಾಯಿಲೆಯ ರಿಟ್ಲೆಸಿಟಿನಿಬ್ ಅನ್ನೋ ಮಾತ್ರೆಗೆ 12 ವರ್ಷ ತುಂಬಿದವರಿಗೆ ಒಪ್ಪಿಗೆ ಸಿಕ್ಕಿದೆ. ನನ್ನ ಮಗನಿಗೆ 11.

ಶ್ರೀರಂಗಪಟ್ಟಣದ ತಾಯಿ: ಆ ಜಾತಿ ಮಾತ್ರೆ ನಿಲ್ಲಿಸಿದರೆ ಎಷ್ಟೋ ಜನಕ್ಕೆ ಮತ್ತೆ ಉದುರುತ್ತದೆ. ಸೋಂಕಿನ ಭಯ ಬೇರೆ. ನನ್ನ ಮಗಳು ಓದುತ್ತಾಳೆ, ಕೊಕ್ಕೊ ಆಡುತ್ತಾಳೆ. ನಾನು ಕೈಬಿಟ್ಟದ್ದು ಔಷಧಿಯನ್ನು, ಮಗಳನ್ನಲ್ಲ. ಮಾತು ನೋಡಿ ಆಡಿ.

ನಂಜನಗೂಡಿನವರು: ಮುಡಿ ಹರಕೆಯನ್ನು ಇಲ್ಲಿ ಯಾಕೆ ಎಳೆಯುತ್ತೀರಿ? ಅದು ನಮ್ಮ ನಂಬಿಕೆ.

ಶ್ರೀರಂಗಪಟ್ಟಣದ ತಾಯಿ: ನಾವೂ ಶ್ರೀಕಂಠೇಶ್ವರನ ಒಕ್ಕಲೇ. ಗುರುತಿಲ್ಲದ ಮಗುವನ್ನು ಬಸ್ಸಲ್ಲಿ ವಿಚಾರಿಸಬೇಡಿ ಅಂದೆ, ಅಷ್ಟೇ.

ಕುವೆಂಪುನಗರದ ತಾಯಿ: ಶಾಲೆಯಲ್ಲಿ ಮೊದಲು ಯಾರ ಹತ್ತಿರ ಮಾತಾಡಿದಿರಿ ಅಕ್ಕ?

ಶ್ರೀರಂಗಪಟ್ಟಣದ ತಾಯಿ: ಕ್ಲಾಸ್ ಟೀಚರ್ ಹತ್ತಿರ. ಅಂಟುರೋಗವಲ್ಲ ಅಂತ ಡಾಕ್ಟರ್ ಕೈಲಿ ಬರೆಸಿಕೊಂಡು ಹೋಗಿ. ಟೋಪಿಗೂ ಅದರಲ್ಲೇ ಅನುಮತಿ ಕೇಳಿ.