ಹಾಡುವ ಗ್ಯಾಲರಿ, ನೋಡುವ ಗ್ಯಾಲರಿ

ಎಲ್ಲರಿಗೂ ನಮಸ್ಕಾರ. ಗೋವಾದ ಫತೋರ್ಡಾ ಮೈದಾನದಲ್ಲಿ ಬೆಂಗಳೂರು ತಂಡದ ಫುಟ್ಬಾಲ್ ಪಂದ್ಯ ಮುಗಿದ ರಾತ್ರಿಯಿಂದ, ಗ್ಯಾಲರಿಯಲ್ಲಿ ಹಾಡಬೇಕೋ ಸುಮ್ಮನೆ ಕುಳಿತು ನೋಡಬೇಕೋ ಎಂದು ನಮ್ಮ ಮನೆಯವರ ಮೊಬೈಲ್ ಗುಂಪಿನಲ್ಲಿ ನಡೆಯುತ್ತಿರುವ ಮಾತಿನ ಜಟಾಪಟಿಯನ್ನು ಮುಂಬಯಿಯ ಅಂಧೇರಿಯಲ್ಲಿ ಕುಳಿತು ನೋಡುತ್ತಿದ್ದೇನೆ. ಬೆಂಗಳೂರಿನ ನನ್ನ ತಮ್ಮನ ಮಗ, "ಸ್ಟೇಡಿಯಮ್ಮಿಗೆ ಬಂದು ಬಾಯಿ ಮುಚ್ಚಿಕೊಂಡು ಕೂರುವವರು ಮನೆಯಲ್ಲೇ ಟಿವಿ ನೋಡಬಹುದಲ್ಲ" ಎಂದ. ವಾಸ್ಕೋದ ಭಾವ, "ಹಾಡುವುದೇ ಆದರೆ ಶನಿವಾರದ ಭಜನೆಗೆ ಬರಲಿ, ಅಲ್ಲಿ ಟಿಕೆಟ್ ಕೂಡ ಇಲ್ಲ" ಎಂದರು. ಆಮೇಲೆ ಉಳಿದವರೆಲ್ಲ ತಮಗೆ ಬೇಕಾದ ಕಡೆ ಹೆಬ್ಬೆರಳು ಒತ್ತಿದಿರಿ. ಇಬ್ಬರೂ ನನ್ನ ಅಭಿಪ್ರಾಯ ಕೇಳಿದ್ದಾರೆ, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ; ಪುರುಸೊತ್ತಾದಾಗ ಕೇಳಿ.

ಮಗಾ, ಮೊದಲು ನಿನ್ನ ಪರವಾದ ಮಾತು. ನಮ್ಮ ದೇಶದಲ್ಲಿ ಫುಟ್ಬಾಲ್ ಗ್ಯಾಲರಿ ತಾನಾಗಿ ತುಂಬುವುದಿಲ್ಲ ಎಂಬುದಕ್ಕೆ ಇಲ್ಲಿ ವೀರಾ ದೇಸಾಯಿ ರಸ್ತೆಯಲ್ಲಿರುವ ನಮ್ಮ ಮೈದಾನವೇ ಸಾಕ್ಷಿ. 2018ರ ಜೂನ್ 1ರಂದು ಭಾರತ ಇಲ್ಲಿ ಚೈನೀಸ್ ತೈಪೆ ತಂಡವನ್ನು 5-0 ಗೋಲುಗಳಿಂದ ಸೋಲಿಸಿತು, ನಾಯಕ ಸುನಿಲ್ ಛೆಟ್ರಿ ಹ್ಯಾಟ್ರಿಕ್ ಹೊಡೆದರು, ಆದರೆ ಅದನ್ನು ಒಳಗೆ ಕುಳಿತು ನೋಡಿದವರು 2,569 ಜನ ಮಾತ್ರ. ಅದರ ಬೆನ್ನಿಗೇ ಛೆಟ್ರಿಯವರು ವಿಡಿಯೊ ಮಾಡಿ, ನಮ್ಮನ್ನು ಬೈಯುವುದಕ್ಕಾದರೂ ಮೈದಾನಕ್ಕೆ ಬನ್ನಿ ಎಂದು ಬೇಡಿಕೊಂಡರು. ಕೀನ್ಯಾ ಎದುರಿನ ಮುಂದಿನ ಪಂದ್ಯ ಅವರ ನೂರನೆಯದು. ಟಿಕೆಟ್ ಪೂರ್ತಿ ಖಾಲಿಯಾಯಿತು, ಸುರಿಯುವ ಮಳೆಯಲ್ಲೂ ಗ್ಯಾಲರಿ ತುಂಬಿತ್ತು, ಭಾರತ 3-0 ಅಂತರದಲ್ಲಿ ಗೆದ್ದಿತು. ಖಾಲಿ ಕುರ್ಚಿಗಳ ಎದುರು ಆಡುವವರಿಗೆ ಸದ್ದು ಎಷ್ಟು ಬೇಕಾಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಡ. ಆದರೆ ಅದೇ ಲೆಕ್ಕವನ್ನು ಇನ್ನೊಂದು ಕಡೆಯಿಂದಲೂ ನೋಡು. ಯಾರೂ ಕರೆಯದೆ, ಯಾವ ವಿಡಿಯೊವನ್ನೂ ನೋಡದೆ, ಮೊದಲ ದಿನವೇ ಬಂದು ಕುಳಿತಿದ್ದ ಆ ಎರಡೂವರೆ ಸಾವಿರ ಮಂದಿ ಯಾರು? ಅವರಲ್ಲಿ ವಾಸ್ಕೋದ ನಿನ್ನ ಮಾವನಂಥವರು ಬಹಳ ಮಂದಿ ಇದ್ದಿರಲೇಬೇಕು. ಅವರನ್ನು ಟಿವಿ ನೋಡಲು ಕಳುಹಿಸಿಬಿಟ್ಟರೆ ಕಷ್ಟಕಾಲದಲ್ಲಿ ಟಿಕೆಟ್ ಕೊಳ್ಳುವವರೇ ಇರುವುದಿಲ್ಲ.

ಭಾವ, ಈಗ ನಿಮಗೆ. ನೀವು ಊರಿನಲ್ಲಿ ಬೆಳಗಾಗುವವರೆಗೆ ಬಯಲಾಟ ನೋಡಿದವರು. ಭಾಗವತರು ಹಾಡುತ್ತಾರೆ, ಚಂಡೆ ಮೊಳಗುತ್ತದೆ. ಇದರ ಗಲಾಟೆಯಲ್ಲಿ ವೇಷದವರ ಕುಣಿತ ಕಾಣುವುದಿಲ್ಲ ಎಂದು ನೀವು ಯಾವತ್ತಾದರೂ ದೂರಿದ್ದುಂಟೆ? ಇಲ್ಲ, ಏಕೆಂದರೆ ಭಾಗವತರ ಕಣ್ಣು ವೇಷದ ಮೇಲೆಯೇ ಇರುತ್ತದೆ, ಚಂಡೆಯ ಪೆಟ್ಟು ವೇಷಧಾರಿಯ ಹೆಜ್ಜೆಗೆ ಕಾಯುತ್ತದೆ, ಕುಣಿತ ಜೋರಾದರೆ ಅದೂ ಜೋರಾಗುತ್ತದೆ. ಹಾಗೆಯೇ, ಚಾಪೆಯ ಮೇಲೆ ತುಟಿ ಬಿಚ್ಚದೆ ಕುಳಿತು ನೋಡುವವನನ್ನು ರಸಿಕನಲ್ಲ ಎಂದು ಯಾರೂ ಎಬ್ಬಿಸಿ ಕಳುಹಿಸುವುದಿಲ್ಲ. ಮೈದಾನದ ಹಾಡನ್ನೂ ನಾನು ಇದೇ ಅಳತೆಯಲ್ಲಿ ನೋಡುತ್ತೇನೆ. ಹಾಡುವವರು ಆಟವನ್ನು ನೋಡುತ್ತಿದ್ದಾರೆಯೇ ಎಂಬುದಷ್ಟೇ ನನ್ನ ಪ್ರಶ್ನೆ. ಎಷ್ಟು ಜೋರಾಗಿ ಹಾಡಿದರು ಎಂಬುದು ಆಮೇಲಿನ ಮಾತು.

ಇಲ್ಲಿಯೇ ನನಗೆ ಹುಡುಗರ ಬಗ್ಗೆ ಸಣ್ಣ ತಕರಾರಿದೆ. ಗೋಲಿನ ಹಿಂದಿನ ಸ್ಟ್ಯಾಂಡಿನಲ್ಲಿ ಮೆಗಾಫೋನ್ ಹಿಡಿದು ಕಂಬಿಯ ಮೇಲೆ ಹತ್ತಿ ನಿಲ್ಲುವ ಹುಡುಗ ಇರುತ್ತಾನಲ್ಲ, ಅವನ ಬೆನ್ನು ಆಟದ ಕಡೆಗಿರುತ್ತದೆ. ಅಂಧೇರಿಯಲ್ಲಿ ಅಂಥ ಒಬ್ಬನನ್ನು ನಾನು ಬಹಳ ಹೊತ್ತು ಗಮನಿಸಿದ್ದೇನೆ. ಚೆಂಡು ಗೋಲಿನ ಕಂಬದ ಮೇಲಿಂದ ಹಾರಿಹೋದದ್ದು ಅವನಿಗೆ ಗೊತ್ತಾದದ್ದು ಎದುರಿಗಿದ್ದವರ ಮುಖ ಬಾಡಿದ್ದರಿಂದ. ಥಟ್ಟನೆ ತಿರುಗಿ ನೋಡಿ, ಹಣೆ ಒರೆಸಿಕೊಂಡು, ಮತ್ತೆ ಡ್ರಮ್ಮಿನವನಿಗೆ ಸನ್ನೆ ಮಾಡಿದ. ತೊಂಬತ್ತು ನಿಮಿಷದ ಟಿಕೆಟ್ ಕೊಂಡು ಆಟವನ್ನೇ ಬಿಟ್ಟುಕೊಡುವ ಆ ಹುಡುಗನ ಮೇಲೆ ನನಗೆ ಗೌರವವಿದೆ. ಆದರೆ ಅವನ ಸನ್ನೆಗೆ ಹಾಡುವ ನೂರಾರು ಮಂದಿಗೆ ಕಣ್ಣು ಮೈದಾನದ ಕಡೆಗೇ ಇದೆಯಲ್ಲ? ತಮ್ಮದೇ ಗೋಲ್‌ಕೀಪರ್ ನೋವಿನಿಂದ ಬಿದ್ದು ಒದ್ದಾಡುತ್ತಿರುವಾಗಲೂ, ಎದುರಾಳಿ ಕಾರ್ನರ್ ಒದೆಯಲು ಸಿದ್ಧನಾಗಿ ನಿಂತಾಗಲೂ, ಅದೇ ತಾಳದಲ್ಲಿ ಅದೇ ಚರಣವನ್ನು ಮುಂದುವರಿಸಿದರೆ ಭಾವನಿಗೆ ಸಿಟ್ಟು ಬರುವುದು ಸಹಜ. ಆಗ ಹಾಡು ತನ್ನ ಪಾಡಿಗೆ, ಆಟ ತನ್ನ ಪಾಡಿಗೆ.

ಒಳ್ಳೆಯ ಹಾಡುವಿಕೆಯೂ ಇದೆ ಎನ್ನುವುದನ್ನು ಭಾವ ಒಪ್ಪಬೇಕು. 2016ರ ಯುರೋ ಕಪ್ಪಿನಲ್ಲಿ ಐಸ್ಲೆಂಡಿನವರು ಎಲ್ಲರ ಕಣ್ಣಿಗೆ ಬೀಳಿಸಿದ ಆ ಚಪ್ಪಾಳೆಯನ್ನು ಈಗ ನಮ್ಮಲ್ಲೂ ಹೊಡೆಯುತ್ತಾರೆ: ಡ್ರಮ್ಮಿನ ಎರಡು ಪೆಟ್ಟು, ಎಲ್ಲರ ಕೈಗಳೂ ತಲೆಯ ಮೇಲೆ ಅಗಲವಾಗಿ, ಆಮೇಲೆ ಒಂದೇ ಚಪ್ಪಾಳೆ, ಮತ್ತೆ ಕಾಯುವುದು, ಕಾಯುವ ಹೊತ್ತು ಬರಬರುತ್ತ ಕಿರಿದಾಗಿ ಕೊನೆಗೆ ಚಪ್ಪಾಳೆಯ ಮಳೆಯಾಗುತ್ತದೆ. ಬೆಂಗಳೂರಿನ ಕಂಠೀರವ ಮೈದಾನದಲ್ಲಿ ಆಟಕ್ಕೂ ಗ್ಯಾಲರಿಗೂ ನಡುವೆ ಓಟದ ಟ್ರ್ಯಾಕ್ ಇದೆ, ಮಾಮೂಲಿ ಕೂಗು ಆಟಗಾರರ ತನಕ ಹೋಗುವ ಹೊತ್ತಿಗೆ ಸೊರಗಿರುತ್ತದೆ. ಬೆಂಗಳೂರು ತಂಡದ ಅಭಿಮಾನಿ ಗುಂಪಾದ ವೆಸ್ಟ್ ಬ್ಲಾಕ್‌ನವರು ಒಟ್ಟಾಗಿ, ಒಂದೇ ಉಸಿರಿನಲ್ಲಿ ಕೂಗುವುದಕ್ಕೆ ಇದೂ ಒಂದು ಕಾರಣ ಎಂದು ನನ್ನ ಅಂದಾಜು. ಇದೆಲ್ಲ ಪರದೇಶದ ಅನುಕರಣೆ ಎಂಬ ಭಾವನ ಮಾತು ಮಾತ್ರ ನನಗೆ ಹಿಡಿಸಲಿಲ್ಲ. ಫುಟ್ಬಾಲೇ ಬ್ರಿಟಿಷ್ ಪಲ್ಟನ್ನುಗಳ ಜೊತೆ ಬಂದದ್ದು. 1891ರಲ್ಲಿ ಇದೇ ಮುಂಬಯಿಯಲ್ಲಿ ಶುರುವಾದ ರೋವರ್ಸ್ ಕಪ್ಪನ್ನು 1937ರಲ್ಲಿ ಮೊದಲ ಬಾರಿಗೆ ಗೆದ್ದ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಆಟವನ್ನು ನಮ್ಮದಾಗಿಸಿಕೊಂಡವರಿಗೆ ಕೂಗನ್ನೂ ನಮ್ಮದಾಗಿಸಿಕೊಳ್ಳುವುದು ಕಷ್ಟವಲ್ಲ. ಕನ್ನಡದ ಘೋಷಣೆ ಕೇಳಿದರೆ ಭಾವನ ಮುಖವೂ ಅರಳುತ್ತದೆ, ನಾನು ನೋಡಿದ್ದೇನೆ.

ಇನ್ನು ಸುಮ್ಮನೆ ನೋಡುವುದೆಂದರೆ ಸುಮ್ಮನಿರುವುದಲ್ಲ, ಮಗಾ. ನಿನ್ನ ಮಾವನ ಪಕ್ಕದಲ್ಲಿ ಒಮ್ಮೆ ಕುಳಿತು ನೋಡು. ಅವರ ಕಣ್ಣು ಚೆಂಡಿನ ಹಿಂದೆ ಓಡುವುದಿಲ್ಲ. ಚೆಂಡು ಬಲಗಡೆ ಇರುವಾಗ ಎಡಗಡೆಯ ಬ್ಯಾಕ್ ಎಲ್ಲಿ ನಿಂತಿದ್ದಾನೆ, ಪಾಸ್ ಬರುವುದಕ್ಕೆ ಮೊದಲು ಮಿಡ್‌ಫೀಲ್ಡರ್ ಹೆಗಲ ಮೇಲಿಂದ ಹಿಂದಕ್ಕೆ ನೋಡಿದನೋ ಇಲ್ಲವೋ, ಯಾವನು ಓಡಿಹೋದವನು ನಡೆದುಕೊಂಡು ವಾಪಸಾಗುತ್ತಿದ್ದಾನೆ, ಇವೆಲ್ಲ ಅವರ ಲೆಕ್ಕದಲ್ಲಿರುತ್ತವೆ. "ಆ ಹುಡುಗನ ತೊಡೆ ಹಿಡಿದಿದೆ, ಈಗ ಅವನ ಕಡೆಯಿಂದಲೇ ನುಗ್ಗುತ್ತಾರೆ" ಎಂದು ನನ್ನ ಕಿವಿಯಲ್ಲಿ ಹೇಳಿದರು. ಸ್ವಲ್ಪ ಹೊತ್ತಿಗೆ ಅದೇ ಕಡೆಯಿಂದ ಕ್ರಾಸ್ ಬಂತು. ಟಿವಿಯ ಕ್ಯಾಮೆರಾ ಚೆಂಡನ್ನು ಬಿಟ್ಟು ಹೋಗುವುದಿಲ್ಲವಾದ್ದರಿಂದ ಇದನ್ನು ಮನೆಯಲ್ಲಿ ಕುಳಿತು ನೋಡಲು ಸಾಧ್ಯವೇ ಇಲ್ಲ. ಅಂದರೆ ಸ್ಟೇಡಿಯಮ್ಮಿನ ಅಗತ್ಯ ನಿನಗಿಂತ ಅವರಿಗೇ ಹೆಚ್ಚು. ಇದನ್ನು ನೀನು ಒಪ್ಪಲಾರೆ, ಪರವಾಗಿಲ್ಲ.

ಸದ್ದಿನಿಂದ ತಂಡ ಗೆಲ್ಲುತ್ತದೆ ಎಂದು ನೀನು ಬರೆದದ್ದರಲ್ಲಿ ಹುರುಳಿದೆ. ಇಂಗ್ಲೆಂಡಿನ ಸಂಶೋಧಕರು 40 ಮಂದಿ ರೆಫರಿಗಳಿಗೆ ಲಿವರ್‌ಪೂಲ್ ತನ್ನ ತವರಿನಲ್ಲಿ ಆಡಿದ ಒಂದು ಪಂದ್ಯದ ತುಣುಕುಗಳನ್ನು, ಕೆಲವರಿಗೆ ಸದ್ದಿನ ಜೊತೆ, ಕೆಲವರಿಗೆ ಸದ್ದಿಲ್ಲದೆ ತೋರಿಸಿದರು. ಸದ್ದು ಕೇಳಿದವರು ತವರಿನ ತಂಡದ ವಿರುದ್ಧ ಶೇ. 15ರಷ್ಟು ಕಡಿಮೆ ಫೌಲ್ ಕೊಟ್ಟರು. 2002ರಲ್ಲಿ ಪ್ರಕಟವಾದ ಅಧ್ಯಯನ ಅದು. ಆದರೆ ರೆಫರಿಯ ಮೇಲೆ ಕೆಲಸ ಮಾಡುವುದು ಆ ಕ್ಷಣದ ಕೂಗು, ಒಬ್ಬ ಬಿದ್ದೊಡನೆ ಇಡೀ ಗ್ಯಾಲರಿಯಿಂದ ಏಳುವ "ಏಯ್" ಎಂದು ನನಗನಿಸುತ್ತದೆ. ಆ ಕೂಗಿನಲ್ಲಿ ಭಾವನೂ ಇರುತ್ತಾರೆ. 2019ರ ಮಾರ್ಚ್ 17ರಂದು ಇಲ್ಲಿಯೇ ನಡೆದ ಇಂಡಿಯನ್ ಸೂಪರ್ ಲೀಗಿನ ಫೈನಲ್ ನಿಮಗಿಬ್ಬರಿಗೂ ನೆನಪಿದೆ, ಒಬ್ಬರಿಗೆ ಸಿಹಿಯಾಗಿ, ಒಬ್ಬರಿಗೆ ಕಹಿಯಾಗಿ. ಬೆಂಗಳೂರು, ಗೋವಾ ಎರಡೂ ಗೋಲಿಲ್ಲದೆ ಹೆಚ್ಚುವರಿ ಸಮಯಕ್ಕೆ ಹೋದವು, 117ನೆಯ ನಿಮಿಷದಲ್ಲಿ ದಿಮಾಸ್ ಡೆಲ್ಗಾಡೊ ಒದ್ದ ಕಾರ್ನರ್‌ಗೆ, ಬೆಂಗಳೂರಿನ ಪರ ಆಡುತ್ತಿದ್ದ ನಮ್ಮ ಮುಂಬಯಿಯ ಹುಡುಗ ರಾಹುಲ್ ಭೇಕೆ ತಲೆ ಕೊಟ್ಟ. ಅಷ್ಟು ಹೊತ್ತಿಗೆ ನಮ್ಮ ಸುತ್ತ ಹಾಡಿ ಹಾಡಿ ಗಂಟಲು ಕಟ್ಟಿದ್ದವರೆಲ್ಲ ಸುಮ್ಮನಾಗಿದ್ದರು. ಚೆಂಡು ಒಳಗೆ ಹೋದಾಗ ಬಂದ ಸದ್ದಿಗೆ ತಾಳವೂ ಇರಲಿಲ್ಲ, ಸಾಹಿತ್ಯವೂ ಇರಲಿಲ್ಲ.

ಪೂರ್ತಿ ಮೌನ ಹೇಗಿರುತ್ತದೆ ಎಂಬುದನ್ನು ಕೊರೊನಾ ತೋರಿಸಿಕೊಟ್ಟಿತು. 2020-21ರ ಲೀಗ್ ಪೂರ್ತಿ ಗೋವಾದಲ್ಲೇ ನಡೆಯಿತು: ಫತೋರ್ಡಾ, ಬಾಂಬೋಲಿ, ವಾಸ್ಕೋದ ತಿಲಕ್ ಮೈದಾನ. ಭಾವನ ಮನೆಯಿಂದ ದೀಪಗಳು ಕಾಣುತ್ತಿದ್ದವು, ಒಳಗೆ ಬಿಡುತ್ತಿರಲಿಲ್ಲ. ನಮ್ಮ ಮುಂಬಯಿ ಸಿಟಿ ಅದೇ ಋತುವಿನಲ್ಲಿ ಮೊದಲ ಬಾರಿಗೆ ಅಂಕಪಟ್ಟಿಯ ಮೊದಲಿಗರ ಲೀಗ್ ಶೀಲ್ಡನ್ನೂ ಫೈನಲಿನ ಕಪ್ಪನ್ನೂ ಗೆದ್ದಿತು. ಫೈನಲಿನ 90ನೆಯ ನಿಮಿಷದಲ್ಲಿ ಬಿಪಿನ್ ಸಿಂಗ್ ಹೊಡೆದ ಗೋಲಿಗೆ ಎದ್ದು ನಿಲ್ಲಲು ಗ್ಯಾಲರಿಯಲ್ಲಿ ಒಬ್ಬ ಅಭಿಮಾನಿಯೂ ಇರಲಿಲ್ಲ. ಟಿವಿಯಲ್ಲಿ ಮೊದಲೇ ಮುದ್ರಿಸಿಟ್ಟ ಜನರ ಸದ್ದನ್ನು ಸೇರಿಸಿದರು. ಹಾಡು ಬೇಡ ಎನ್ನುತ್ತಿದ್ದ ಭಾವ ಆಗ ನನಗೆ ಫೋನ್ ಮಾಡಿ, "ಇದು ಸಪ್ಪೆ ಸಾರು" ಎಂದದ್ದನ್ನು ನಾನು ಮರೆತಿಲ್ಲ.

ಹೊರದೇಶದಲ್ಲೂ ಈ ಜಗಳ ಮುಗಿದಿಲ್ಲ. ಕೆಲವರು ಬಂದು ಸಿಗಡಿ ಸ್ಯಾಂಡ್‌ವಿಚ್ ತಿನ್ನುತ್ತಾರೆ, ಆಟ ಅರ್ಥವಾಗುವುದಿಲ್ಲ ಎಂದು 2000ದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ನಾಯಕ ರಾಯ್ ಕೀನ್ ತನ್ನದೇ ಪ್ರೇಕ್ಷಕರನ್ನು ಕುಟುಕಿದ್ದ. (ನಮ್ಮ ಮನೆತನದಲ್ಲಿ ಸಿಗಡಿ ತಿನ್ನುವುದು ಬೈಗುಳವಾಗಲಾರದು, ಅದು ಬೇರೆ ಮಾತು.) ಜರ್ಮನಿಯಲ್ಲಿ ಎಲ್ಲರಿಗಿಂತ ಜೋರಾಗಿ ಹಾಡುವವರೇ 2012ರಲ್ಲಿ ಹೊಸ ಭದ್ರತಾ ನಿಯಮಗಳನ್ನು ವಿರೋಧಿಸಿ ಪ್ರತಿ ಪಂದ್ಯದ ಮೊದಲ 12 ನಿಮಿಷ 12 ಸೆಕೆಂಡು ತುಟಿ ಬಿಚ್ಚಲಿಲ್ಲ. ಇಂಗ್ಲೆಂಡಿನಲ್ಲಿ 1989ರ ಹಿಲ್ಸ್‌ಬರೊ ನೂಕುನುಗ್ಗಲಿನಲ್ಲಿ 97 ಜೀವ ಹೋದ ಮೇಲೆ ಮೇಲಿನ ದರ್ಜೆಯ ಮೈದಾನಗಳಲ್ಲೆಲ್ಲ ಕುರ್ಚಿ ಕಡ್ಡಾಯವಾಯಿತು; 2022ರಲ್ಲಿ ಕಂಬಿ ಹಾಕಿದ ಪ್ರತ್ಯೇಕ ಜಾಗಗಳಲ್ಲಿ ನಿಂತು ನೋಡಲು ಮತ್ತೆ ಅನುಮತಿ ಸಿಕ್ಕಿತು. ನನಗೆ ಸರಿಯೆನಿಸುವ ದಾರಿಯೂ ಅದೇ. ನಿಲ್ಲುವವರಿಗೆ, ಬಾವುಟ ಬೀಸುವವರಿಗೆ ಗೋಲಿನ ಹಿಂದೆ ಒಂದು ಭಾಗ. ಮಂಡಿ ನೋವಿನವರಿಗೆ, ಮಕ್ಕಳಿಗೆ, ಆಟದ ಒಳಸುಳಿ ನೋಡುವವರಿಗೆ ಬದಿಯ ಸ್ಟ್ಯಾಂಡು. ಫತೋರ್ಡಾದಲ್ಲಿ ಅಂದು ಭಾವನ ಸಿಟ್ಟಿನ ಅರ್ಧ ಪಾಲು ಮುಂದಿನ ಸಾಲಿನವರು ಕುರ್ಚಿಯ ಮೇಲೆ ಹತ್ತಿ ನಿಂತದ್ದಕ್ಕೆ ಬಂದದ್ದು, ಹಾಡಿಗಲ್ಲ. ಎದುರಾಳಿಯ ತಾಯಿ-ತಂಗಿಯರನ್ನು ಎಳೆತರುವ ಕೂಗುಗಳಿಗೆ ಮಾತ್ರ ಯಾವ ಸ್ಟ್ಯಾಂಡಿನಲ್ಲೂ ಜಾಗ ಬೇಡ, ಮಗಾ. ಅದರಲ್ಲಿ ನಿನ್ನ ಜೊತೆಗಾರರು ಹಿಂದೆ ಬಿದ್ದವರಲ್ಲ ಎಂದು ನನಗೆ ಗೊತ್ತು.

ಮುಂದಿನ ಸಲ ಬೆಂಗಳೂರು ತಂಡ ಫತೋರ್ಡಾಕ್ಕೆ ಬಂದಾಗ ನಾನೂ ರೈಲು ಹತ್ತುತ್ತೇನೆ. ಮೊದಲರ್ಧ ನೀನು ನಮ್ಮ ಜೊತೆ ಕುಳಿತು ಮಾವ ಹೇಳಿದ್ದನ್ನು ಕೇಳು, ಇಂಟರ್ವಲ್ ಆದ ಮೇಲೆ ನಿನ್ನ ಗುಂಪಿಗೆ ಹೋಗು, ಆ ಕಡೆಗೆ ಬಿಡುತ್ತಾರೋ ಇಲ್ಲವೋ ಟಿಕೆಟ್ ತೆಗೆಯುವ ಮೊದಲೇ ವಿಚಾರಿಸಿಟ್ಟುಕೋ. ಭಾವ, ನಿಮ್ಮ ಮಂಡಿಗೆ ಎಷ್ಟು ಮೆಟ್ಟಿಲು ಹತ್ತಲು ಸಾಧ್ಯ ಎಂದು ತಿಳಿಸಿದರೆ ಸಾಲು ನೋಡಿ ಬುಕ್ ಮಾಡುತ್ತೇನೆ. ಅಕ್ಕ ಬರುವುದಾದರೆ ಒಂದು ಸೀಟು ಹೆಚ್ಚಿಗೆ.